ಒಪ್ಪೊತ್ತಿನ ಬಾಯಿಗೆ ಇಟಲಿಯ ವೈನು

ನಮ್ಮ ಮೇಡಂಗೆ ನೆಗಡಿ ಬಂದು ಮೂಗು ಕಟ್ಟಿಕೊಳ್ಳದೇ ಇದ್ದಿದ್ದರೆ ಆ ಕೆಲಸ ನನ್ನ ಪಾಲಿಗೆ ಬರುತ್ತಲೇ ಇರಲಿಲ್ಲ. ನೆಗಡಿ ಹೋಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡು, "ಖಾಲಿ ಡಬ್ಬಿ ಮೂಸಿದ ಹಾಗೇ ಇದೆ ಕಣಮ್ಮ" ಅಂದರು. ವೈನ್ ಮಾಡುವವರಿಗೆ ವಾಸನೆ ಹೋದರೆ ಬಟ್ಟೆ ಹೊಲಿಯುವವರಿಗೆ ಕಣ್ಣು ಮಂಜಾದ ಹಾಗೆ. ಅವರು ಒಪ್ಪಿಕೊಂಡಿದ್ದ ಒಂದು ಕೆಲಸ ಬಾಕಿ ಇತ್ತು. ಅದಕ್ಕೆ ನನ್ನನ್ನು ಕಳಿಸಿದರು.

ಮಕ್ಕಳೇ, ಅಜ್ಜಿ ದ್ರಾಕ್ಷಿ ಫ್ಯಾಕ್ಟರಿಗೆ ಹೋಗುತ್ತಿದ್ದಳು ಅನ್ನುವುದಷ್ಟೇ ನಿಮಗೆ ಗೊತ್ತು. ಅಲ್ಲಿ ಏನು ಮಾಡುತ್ತಿದ್ದೆ ಅಂತ ನೀವು ಕೇಳಿದ ದಿನ ನಾನು ಒಲೆ ಕಡೆ ತಿರುಗಿಕೊಂಡೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಚಿಕ್ಕಂದಿನಿಂದಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ.

ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಕಡೆ ಹೋಗುವಾಗ ಸಿಗುವ ವೈನ್ ಕಾರ್ಖಾನೆ ಅದು. ರುಚಿ ನೋಡುವ ಕೋಣೆಯಲ್ಲಿ ನನ್ನ ಕೆಲಸ. ಗ್ಲಾಸುಗಳನ್ನು ಸೋಪು ಹಾಕದೆ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕುವುದು, ಒಂದೊಂದು ಟ್ಯಾಂಕಿನಿಂದಲೂ ಸ್ವಲ್ಪ ಹಿಡಿದು ತರುವುದು, ಆಮೇಲೆ ಮೇಡಂ ಜೊತೆ ಕೂತು ಮೂಸಿ, ಬಾಯಿಗೆ ಹಾಕಿಕೊಂಡು, ನಿನ್ನೆಯ ಹಾಗೇ ಇದೆಯೋ ಕೆಟ್ಟಿದೆಯೋ ಹೇಳುವುದು. ನುಂಗುವ ಹಾಗಿಲ್ಲ. ಪಕ್ಕದಲ್ಲಿ ಬಕೆಟ್ ಇರುತ್ತದೆ, ಅದಕ್ಕೆ ಉಗುಳಬೇಕು. ಅಷ್ಟು ವರ್ಷದಲ್ಲಿ ಒಂದು ಗುಟುಕೂ ನನ್ನ ಗಂಟಲಿಗೆ ಇಳಿದಿರಲಿಲ್ಲ. ಆದರೂ ಊರಿನಲ್ಲಿ ಬಾಟ್ಲು ತೊಳೆಯುವ ಕೆಲಸ ಅಂತಲೇ ಹೇಳಿದ್ದೆ. ಗಂಡ ಇಲ್ಲದ ಹೆಂಗಸು ವೈನ್ ರುಚಿ ನೋಡುತ್ತಾಳೆ ಅಂದರೆ ಆಡಿಕೊಳ್ಳುವವರಿಗೆ ಬೇರೆ ಕೆಲಸವೇ ಬೇಡ.

ಬಾಕಿ ಇದ್ದ ಕೆಲಸ ಅಂದೆನಲ್ಲ, ಅದು ದೇವನಹಳ್ಳಿ ದಾಟಿ ನಲ್ಲೂರಿನ ಕಡೆ ಇದ್ದ ಒಂದು ಇಟಲಿ ಊಟದ ಹೋಟೆಲಿನದು. ಬಹಳ ವರ್ಷಗಳ ಹಿಂದೆ ಅಲ್ಲಿನ ಒಬ್ಬ ಜಮೀನುದಾರರು, ಇಟಲಿಯಿಂದ ಬಂದು ಇಲ್ಲೇ ಉಳಿದುಬಿಟ್ಟಿದ್ದ ಒಬ್ಬ ಅಡುಗೆಯವರನ್ನು ಜೊತೆಗೆ ಸೇರಿಸಿಕೊಂಡು ಅದನ್ನು ಶುರು ಮಾಡಿದ್ದರಂತೆ. ಜಮೀನುದಾರರು ತೀರಿಕೊಂಡ ಮೇಲೆ ಮಗ ನೋಡಿಕೊಳ್ಳುತ್ತಿದ್ದ. ಊಟಕ್ಕೆ ಜನ ಬರುತ್ತಿದ್ದರು, ವೈನ್ ಬಾಟ್ಲುಗಳು ಮಾತ್ರ ವಾಪಸ್ ಬರುತ್ತಿದ್ದವು. ಹುಳಿ, ಒಗರು, ಕೆಟ್ಟಿದೆ ಅಂತ ಗಿರಾಕಿಗಳು ಒಂದು ಗುಟುಕಿಗೇ ತಳ್ಳಿಬಿಡುತ್ತಿದ್ದರು. ಇರುವ ವೈನುಗಳನ್ನೆಲ್ಲ ಯಾರಾದರೂ ಗೊತ್ತಿದ್ದವರು ಕೂತು ನೋಡಿ, ಪಟ್ಟಿಯಲ್ಲಿ ಯಾವುದನ್ನು ಇಡಬೇಕು ಯಾವುದನ್ನು ತೆಗೆಯಬೇಕು ಹೇಳಿ ಅಂತ ಅವನು ನಮ್ಮ ಮೇಡಂ ಹತ್ತಿರ ಕೇಳಿದ್ದ.

ನಮ್ಮ ಮ್ಯಾನೇಜರ್ ಹೊರಡುವ ಮುಂಚೆ ನನ್ನನ್ನು ಕರೆದು, ಅಲ್ಲಿ ಜಾಗ ಖಾಲಿಯಾದರೆ ನಮ್ಮ ಕೆಂಪು ವೈನು ಕೂರಿಸಬಹುದು, ನೆನಪಿರಲಿ ಅಂದರು. ನೋಡಲಿಕ್ಕೆ ಅಂತ ಒಂದು ಬಾಟ್ಲನ್ನೂ ಕೊಟ್ಟರು. ನಾನು ತಲೆ ಆಡಿಸಿದೆ.

ಆ ಹೋಟೆಲಿಗೆ ವಾರದ ರಜ ಸೋಮವಾರ. ಎರಡು ಸೋಮವಾರದಲ್ಲಿ ಮುಗಿಸಬೇಕು ಅಂತ ಮಾತಾಗಿತ್ತು. ಮೊದಲನೇದಕ್ಕೆ ಬಿಳಿ ವೈನು, ಎರಡನೇದಕ್ಕೆ ಕೆಂಪು. ನನಗೂ ಸೋಮವಾರವೇ ಅನುಕೂಲ ಅನ್ನಿಸಿತು. ಸೋಮವಾರ ನನ್ನದು ಒಪ್ಪೊತ್ತು. ಭಾನುವಾರ ರಾತ್ರಿ ಉಂಡರೆ ಸೋಮವಾರ ರಾತ್ರಿಯೇ ಊಟ, ಅದೂ ಮಾಂಸ ಇಲ್ಲದ್ದು. ನಡುವೆ ಕಾಫಿಯೂ ಇಲ್ಲ, ಬರೀ ನೀರು. ಹೊಟ್ಟೆ ಖಾಲಿ ಇದ್ದಾಗ ಮೂಗು ಚುರುಕಾಗಿರುತ್ತದೆ, ನಾಲಗೆ ತೊಳೆದಿಟ್ಟ ತಟ್ಟೆಯ ಹಾಗೆ ಇರುತ್ತದೆ. ಕಾರ್ಖಾನೆಯಲ್ಲೂ ಕಷ್ಟದ ಟ್ಯಾಂಕುಗಳನ್ನು ಮೇಡಂ ಸೋಮವಾರಕ್ಕೇ ಇಡುತ್ತಿದ್ದರು.

ಮೊದಲ ಸೋಮವಾರ, ಮೂಗಿಗೆ ಬೇರೆ ವಾಸನೆ ಹತ್ತಬಾರದು ಅಂತ ತಲೆಗೆ ಎಣ್ಣೆ ಹಾಕದೆ, ಹೂವಿನ ಅಂಗಡಿ ಇರುವ ಬೀದಿ ತಪ್ಪಿಸಿಕೊಂಡು, ಬಸ್ಸಿನಲ್ಲಿ ಹೋದೆ. ಹೋಟೆಲಿನ ಒಳಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು. ಕಿಟಕಿ ಪಕ್ಕದ ಒಂದು ಮೇಜನ್ನು ಮಾತ್ರ ನನಗೆ ಬಿಟ್ಟಿದ್ದರು. ಯಜಮಾನ ಬಂದು ಕೈ ಮುಗಿದ. ಮೂವತ್ತೈದರ ಒಳಗಿನ ಹುಡುಗ, ಮಾತು ನೇರ.

"ಅಮ್ಮ, ನಂಗೆ ವೈನು ಗೊತ್ತಿಲ್ಲ. ಬಾಟ್ಲು ವಾಪಸ್ ಬರೋದು ಗೊತ್ತು. ನೀವು ಒಳ್ಳೇದು ಅಂದಿದ್ದು ಇರುತ್ತೆ, ಕೆಟ್ಟದ್ದು ಅಂದಿದ್ದು ಹೋಗುತ್ತೆ. ಅಷ್ಟೇ."

ಅಡುಗೆಯವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಬೆಳ್ಳಗೆ, ಎತ್ತರ, ಬೆನ್ನು ಸ್ವಲ್ಪ ಬಾಗಿತ್ತು. ಆ ಪಟ್ಟಿ ಬರೆದದ್ದು ಅವರು. ಒಂದೊಂದು ಅಡುಗೆಗೂ ಅವರ ಊರಿನ ಕಡೆ ಯಾವ ವೈನು ಇಡುತ್ತಾರೋ ಅದನ್ನೇ ಹುಡುಕಿ ತರಿಸಿದ್ದರು. ತನ್ನ ವೈನು ತೆಗೆದರೆ ತಾನೂ ಹೋಗುತ್ತೇನೆ ಅಂತ ಯಜಮಾನನಿಗೆ ಹೇಳಿಬಿಟ್ಟಿದ್ದರಂತೆ. ಹಾಗಂತ ಯಜಮಾನನೇ ನನಗೆ ಮೆಲ್ಲಗೆ ಹೇಳಿದ. ಹೇಳುವಾಗ ಅವನಿಗೂ ಸುಖ ಇರಲಿಲ್ಲ. ಹೋಟೆಲಿನ ಹಿಂದಿನ ಕೋಣೆಯಲ್ಲೇ ಅಡುಗೆಯವರ ವಾಸ, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು.

ಕೆಲಸದ ಕ್ರಮ ಹೀಗೆ. ಮೇಜಿನ ಮೇಲೆ ಬಿಳಿ ಬಟ್ಟೆ. ಬಾಟ್ಲು ತೆಗೆದು ಮೊದಲು ಕಾರ್ಕನ್ನು ನೋಡಬೇಕು, ಒದ್ದೆ ಎಲ್ಲಿಯವರೆಗೆ ಏರಿದೆ ಅಂತ. ಗ್ಲಾಸಿಗೆ ಎರಡು ಬೆರಳಷ್ಟು ಹಾಕಿ, ಬಟ್ಟೆಯ ಮೇಲೆ ವಾಲಿಸಿ ಬಣ್ಣ ನೋಡಬೇಕು. ಆಮೇಲೆ ಅಲ್ಲಾಡಿಸದೆ ಒಂದು ಸಲ ಮೂಸುವುದು, ತಿರುಗಿಸಿ ಇನ್ನೊಂದು ಸಲ. ಬಾಯಿಗೆ ಹಾಕಿಕೊಂಡು ನಾಲಗೆಯ ಸುತ್ತ ಆಡಿಸಿ, ಸ್ವಲ್ಪ ಗಾಳಿ ಎಳೆದು, ಉಗುಳುವುದು. ಉಗುಳಿದ ಮೇಲೆ ಸುಮ್ಮನೆ ಕೂರಬೇಕು. ಬಾಯಲ್ಲಿ ಏನು ಉಳಿಯುತ್ತದೆ ಅನ್ನುವುದೇ ಅರ್ಧ ತೀರ್ಮಾನ. ಮುಂದಿನದಕ್ಕೆ ಹೋಗುವ ಮುಂಚೆ ನೀರು, ಉಪ್ಪು ಹಾಕದ ಪುರಿ ನಾಲ್ಕು ಕಾಳು. ಪುರಿ ತಿಂದರೆ ಒಪ್ಪೊತ್ತು ಕೆಡುತ್ತದೆ ಅಂತ ಸೋಮವಾರ ನಾನು ಬರೀ ನೀರಿನಲ್ಲೇ ಮುಗಿಸುತ್ತಿದ್ದೆ.

ಬಿಳಿ ವೈನುಗಳು ನನ್ನನ್ನು ಕಾಡಲಿಲ್ಲ. ಒಂದರಲ್ಲಿ ಕೊಯ್ದಿಟ್ಟು ಕೆಂಪಾದ ಸೇಬಿನ ವಾಸನೆ ಇತ್ತು, ಗಾಳಿ ಸೇರಿ ಕೆಟ್ಟಿದ್ದು. ಇನ್ನೊಂದು ತೇವದ ಗೋಣಿಚೀಲದ ಹಾಗೆ ನಾರುತ್ತಿತ್ತು. ಅದು ಕಾರ್ಕಿನ ದೋಷ, ವೈನಿನದಲ್ಲ. ಅದೇ ವೈನಿನ ಬೇರೆ ಬಾಟ್ಲು ತೆಗೆಸಿದೆ, ಅದು ಚೆನ್ನಾಗಿತ್ತು. ಹಾಳೆಯಲ್ಲಿ ಅದಕ್ಕೆ ಸರಿ ಗುರುತು ಹಾಕಿದಾಗ ಅಡುಗೆಯವರು ಬಾಗಿಲು ಬಿಟ್ಟು ಹತ್ತಿರ ಬಂದರು.

ಒಂದು ತಟ್ಟೆ ತಂದು ಮುಂದಿಟ್ಟು, "ಊಟ ಮಾಡು ಅಕ್ಕ" ಅಂದರು. ಪಾತ್ರೆ ತೊಳೆಯುವ ಹೆಂಗಸರಿಂದ ಕಲಿತ ಕನ್ನಡ ಅವರದು. ಯಜಮಾನನಿಂದ ಹಿಡಿದು ಪೊಲೀಸಿನವರ ತನಕ ಎಲ್ಲರಿಗೂ ಏಕವಚನ. ನನಗಿಂತ ದೊಡ್ಡವರು ನನ್ನನ್ನು ಅಕ್ಕ ಅಂದದ್ದು ಅದೇ ಮೊದಲು.

ಸೋಮವಾರ, ಒಪ್ಪೊತ್ತು, ರಾತ್ರಿಗೇ ಊಟ ಅಂತ ತಡವರಿಸುತ್ತಾ ಹೇಳಿದೆ. ಅವರಿಗೆ ತಿಳಿಯಿತು. ತಟ್ಟೆ ವಾಪಸ್ ತೆಗೆದುಕೊಂಡು ಹೋದರು.

ಎರಡನೇ ಸೋಮವಾರ ನಾನು ಹೋಗುವಷ್ಟರಲ್ಲಿ ಒಳಗಡೆ ಏನೋ ಬೇಯುತ್ತಿತ್ತು. ಕಿಟಕಿ ತೆಗೆಸಿ ಗಾಳಿ ಆಡುವ ತನಕ ಕಾದೆ. ಆಮೇಲೆ ಕೆಂಪು ವೈನು ಶುರು ಮಾಡಿದೆ, ತೆಳ್ಳಗಿನವು ಮೊದಲು, ಗಟ್ಟಿಯವು ಕೊನೆಗೆ.

ಮೊದಲನೇದೇ ಹುಳಿ. ಎರಡನೇದು ಇನ್ನೂ ಹುಳಿ. ಬಾರ್ಬೆರಾ ಅನ್ನುವ ದ್ರಾಕ್ಷಿಯದಂತೆ ಅದು, ಹುಣಸೆಕಾಯಿ ಕಚ್ಚಿದ ಹಾಗೆ ಹಲ್ಲು ಚುಳ್ ಅಂದಿತು. ಮುಂದಿನವಕ್ಕೆ ಒಗರು ಸೇರಿಕೊಂಡಿತು. ಬಲಿಯದ ನೇರಳೆಹಣ್ಣು ತಿಂದರೆ ನಾಲಗೆ ದಪ್ಪಗಾಗಿ ಬಾಯಿ ಒಣಗುತ್ತದಲ್ಲ, ಹಾಗೆ. ಕೊನೆಯ ಎರಡಂತೂ ಕಪ್ಪಗೆ, ಭಾರವಾಗಿ, ಬಾಯೊಳಗೆ ಉಪ್ಪುಕಾಗದ ಎಳೆದ ಹಾಗಾಯಿತು. ನಮ್ಮ ಕಾರ್ಖಾನೆಯ ಕೆಂಪು ಹೀಗಿರುವುದಿಲ್ಲ. ನಮ್ಮದು ಮೆತ್ತಗೆ, ಒಂದಿಷ್ಟು ಸಿಹಿ. ಹಾಗಿದ್ದರೇ ಇಲ್ಲಿನವರು ಕುಡಿಯುವುದು ಅಂತ ಮೇಡಂ ಹಾಗೆ ಮಾಡುತ್ತಾರೆ. ನನ್ನ ನಾಲಗೆಗೆ ಅಳತೆಗೋಲು ಅದೇ.

ಒಂದಾದ ಮೇಲೊಂದು ತಪ್ಪು ಹಾಕುತ್ತಾ ಹೋದೆ. ಗಿರಾಕಿಗಳು ಹುಳಿ, ಒಗರು ಅಂತ ದೂರಿದ್ದಕ್ಕೂ ನನ್ನ ಬಾಯಿ ಹೇಳುತ್ತಿದ್ದುದಕ್ಕೂ ಸರಿಯಾಗಿ ತಾಳೆ ಆಗುತ್ತಿತ್ತು. ತಾಳೆ ಆದಾಗ ಮನಸ್ಸಿಗೆ ಒಂದು ನೆಮ್ಮದಿ ಬರುತ್ತದೆ. ಆ ನೆಮ್ಮದಿಯಲ್ಲಿ ನಾನು ಅನುಮಾನ ಪಡಲಿಲ್ಲ.

ಮಧ್ಯಾಹ್ನ ಯಜಮಾನ ಬಂದು ಹಾಳೆ ನೋಡಿದ. "ನಾನೂ ಇದೇ ಅಂದ್ಕೊಂಡಿದ್ದೆ ಬಿಡಿ" ಅಂದ. ಬೆಳಗಾದರೆ ಹೊಸ ಪಟ್ಟಿ ಅಚ್ಚಿಗೆ ಕೊಡಬೇಕು, ಹೊಸ ಮಾಲಿಗೆ ಆರ್ಡರ್ ಹಾಕಬೇಕು, ಸಂಜೆ ಬಂದು ಹಾಳೆ ತೆಗೆದುಕೊಳ್ಳುತ್ತೇನೆ ಅಂತ ಹೇಳಿ ದೇವನಹಳ್ಳಿಗೆ ಹೋದ. ಇದನ್ನೆಲ್ಲ ಅಡುಗೆಯವರು ಒಳಗಿನಿಂದ ಕೇಳಿಸಿಕೊಂಡಿದ್ದರು.

ಅವನ ಕಾರಿನ ಸದ್ದು ಹೋದ ಮೇಲೆ ಅವರು ಬಂದು ಎದುರಿಗೆ ನಿಂತರು. ಹಾಳೆಯಲ್ಲಿದ್ದದ್ದು ಕನ್ನಡ, ಅವರಿಗೆ ಓದಲು ಬಾರದು. ತಪ್ಪಿನ ಗುರುತು ಯಾವ ಭಾಷೆಯಲ್ಲೂ ಒಂದೇ.

"ಎಲ್ಲಾ ಕೆಟ್ಟದ್ದಾ ಅಕ್ಕ?"

ಹುಳಿ ಜಾಸ್ತಿ, ಒಗರು ಜಾಸ್ತಿ ಅಂದೆ.

"ಹೌದು. ನಂಗೂ ಬೇಡ, ಬರೀ ಬಾಯಲ್ಲಿ. ಯಾರಿಗೆ ಬೇಕು?" ಅಂದರು. ಅವರ ಊರಿನಲ್ಲಿ ಈ ವೈನನ್ನು ಊಟವಿಲ್ಲದೆ ಯಾರೂ ಮುಟ್ಟುವುದಿಲ್ಲವಂತೆ. ಅನ್ನ ಇಲ್ಲದೆ ಬರೀ ಸಾರನ್ನು ನೆಕ್ಕಿ, ಉಪ್ಪು ಹೆಚ್ಚು ಅಂತ ಯಾರಾದರೂ ಅಂದರೆ ನೀನು ಒಪ್ಪುತ್ತೀಯಾ ಅಂತ ಕೇಳಿದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಒಂದು ತುತ್ತು ತಿಂದು ನೋಡು. ಆಮೇಲೂ ಕೆಟ್ಟದ್ದು ಅಂದ್ರೆ ನಾನು ಮಾತಾಡಲ್ಲ" ಅಂದರು.

ಸೋಮವಾರ ಅಂದೆ.

ಅವರು ನನ್ನನ್ನು ಒತ್ತಾಯ ಮಾಡಲಿಲ್ಲ. "ಸರಿ ಬಿಡು. ದೇವರದು" ಅಂದು ಕಿಟಕಿಯಾಚೆ ನೋಡಿದರು. ಇಟಲಿಗೆ ವಾಪಸ್ ಹೋದರೆ ಅಲ್ಲಿ ನಿಮ್ಮವರು ಇದ್ದಾರಾ ಅಂತ, ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಬಿಟ್ಟೆ. ಒಬ್ಬ ತಂಗಿ ಇದ್ದಳು, ಅವಳೂ ಹೋದಳು ಅಂದರು. "ಅಲ್ಲಿ ನನ್ನ ಗುರ್ತು ಹಿಡಿಯೋರು ಯಾರೂ ಇಲ್ಲ ಅಕ್ಕ. ಅಲ್ಲಿ ನಾನು ಫಾರಿನ್‌ನೋನು." ಹಾಗಂದು ಒಳಗೆ ಹೋದರು.

ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು ಕಣಮ್ಮ, ಹೇಳಿ ಕಳಿಸಬೇಕಿತ್ತು ಅಂದರು. ಕಾರ್ಖಾನೆಯಲ್ಲಿ ನಾವು ನೋಡುವುದು ಕೆಟ್ಟಿದೆಯೋ ಇಲ್ಲವೋ ಅಂತ ಮಾತ್ರ, ಅದಕ್ಕೆ ಖಾಲಿ ಬಾಯಿ ಒಳ್ಳೆಯದು. ಇದು ಊಟದ ಮನೆಯ ಪಟ್ಟಿ, ಊಟದ ಜೊತೆಗೇ ನೋಡಬೇಕು ಅಂತ ಬಿಡಿಸಿ ಹೇಳಿದರು. ತಾವೇ ಬಂದು ತಿಂದರೂ ವಾಸನೆ ಇಲ್ಲದ ತಮ್ಮ ಬಾಯಿಗೆ ಎಲ್ಲ ಒಂದೇ ಅಂದರು. ಅಡುಗೆಯವರು ತಿಂದು ಹೇಳಿದರೆ ಯಜಮಾನ ನಂಬುವುದಿಲ್ಲ. "ನೀವು ತಿನ್ನಲೇಬೇಕು ಅಂತ ನಾನು ಹೇಳೋಲ್ಲ. ಸೋಮವಾರ ನಿಮ್ಮದು. ಏನು ಬರೆದರೂ ಅದಕ್ಕೆ ನನ್ನ ಒಪ್ಪಿಗೆ ಇದೆ" ಅಂದು ಫೋನ್ ಇಟ್ಟರು.

ಸೋಮವಾರ ನನ್ನದಲ್ಲ, ನಿಮ್ಮ ತಾತನದು. ಅವರು ಇದ್ದಾಗ ಸೋಮವಾರ ಒಪ್ಪೊತ್ತು ಮಾಡುತ್ತಿದ್ದರು, ಕಾರ್ತಿಕದಲ್ಲಿ ಶಿವಗಂಗೆ ಹತ್ತಿ ಬರುತ್ತಿದ್ದರು. ನಾನು ಆಗ ಸೋಮವಾರವೂ ಮೂರು ಹೊತ್ತು ಉಣ್ಣುತ್ತಿದ್ದೆ, ಅದಕ್ಕೆ ನನ್ನನ್ನು ಗೇಲಿ ಮಾಡುತ್ತಿದ್ದರು. ಅವರು ಹೋದ ಮೇಲೆ ಅವರ ಬಟ್ಟೆ ಯಾರ್ಯಾರಿಗೋ ಕೊಟ್ಟಾಯಿತು, ಸೈಕಲ್ ಹೋಯಿತು, ಹಸು ಹೋಯಿತು. ಸೋಮವಾರವನ್ನು ನಾನು ಇಟ್ಟುಕೊಂಡೆ. ಯಾರೂ ಹೇಳಿರಲಿಲ್ಲ. ಆವತ್ತಿಡೀ ಹೊಟ್ಟೆ ಹಸಿದಿದ್ದರೆ ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಅನ್ನಿಸುತ್ತಿತ್ತು. ಇದನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬಾರದು.

ಹಾಳೆ ಮುಂದಿಟ್ಟುಕೊಂಡು ತುಂಬ ಹೊತ್ತು ಕೂತೆ. ಇದ್ದಂತೆಯೇ ಕೊಟ್ಟು ಹೋದರೆ ಯಾರೂ ಕೇಳುವವರಿಲ್ಲ. ಮ್ಯಾನೇಜರಿಗೆ ಸಂತೋಷ, ಯಜಮಾನನಿಗೆ ಅಂದುಕೊಂಡದ್ದೇ ಆಯಿತು. ಆದರೆ ನಾನು ಹಾಕಿದ ತಪ್ಪುಗಳಲ್ಲಿ ಕೆಟ್ಟದ್ದು ಯಾವುದು, ಊಟ ಕೇಳುತ್ತಿರುವುದು ಯಾವುದು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಹಾಳೆಗೆ ಸಹಿ ಮಾಡಿದರೆ ಒಬ್ಬರ ಮನೆ ಹೋಗುತ್ತದೆ.

ಒಪ್ಪೊತ್ತು ಅಂದರೆ ಒಂದೇ ಹೊತ್ತಿನ ಊಟ. ಅದನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತಂದುಕೊಳ್ಳಬಹುದು ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ, ಮಾಂಸ ಇಲ್ಲದ್ದು ಏನಿದೆ ಅಂತ ಕೇಳಿದೆ.

ಅವರು ಬ್ರೆಡ್ಡು, ಆಲಿವ್ ಎಣ್ಣೆ, ಟೊಮೆಟೊ ಗೊಜ್ಜು ಹಾಕಿದ ಪಾಸ್ತಾ, ಗಟ್ಟಿ ಚೀಸು ತಂದಿಟ್ಟರು. ತಮಗೂ ಒಂದು ತಟ್ಟೆ ತಂದು, ಮೇಜಿನ ಮೇಲಿಂದ ಒಂದು ಕುರ್ಚಿ ಇಳಿಸಿ, ನನ್ನ ಎದುರಿಗೆ ಕೂತರು. ಒಬ್ಬಳೇ ತಿನ್ನಬೇಡ, ಒಬ್ಬರೇ ತಿಂದರೆ ರುಚಿ ಸರಿಯಾಗಿ ಹೇಳುವುದಿಲ್ಲ ಅಂದರು.

ಬಾರ್ಬೆರಾದಿಂದ ಶುರು ಮಾಡಿದೆ. ಎಣ್ಣೆಯಲ್ಲಿ ಅದ್ದಿದ ಬ್ರೆಡ್ಡು ಬಾಯಲ್ಲಿ ಇರುವಾಗಲೇ ಒಂದು ಗುಟುಕು. ಬೆಳಗ್ಗೆ ಹಲ್ಲಿಗೆ ಹೊಡೆದ ಹುಳಿ ಈಗ ಎಣ್ಣೆಯ ಮೇಲೆ ಹೋಗಿ ಕೂತಿತು. ಸಾರಿಗೆ ನಿಂಬೆಹಣ್ಣು ಹಿಂಡಿದ ಹಾಗೆ ಇಡೀ ಬಾಯಿ ಚುರುಕಾಯಿತು, ಇನ್ನೊಂದು ತುತ್ತು ಬೇಕು ಅನ್ನಿಸಿತು. ವೈನಿನಲ್ಲಿ ಮುಚ್ಚಿಕೊಂಡಿದ್ದ ಹಣ್ಣಿನ ವಾಸನೆ ಆಗ ಮೇಲೆ ಬಂತು.

ಉಗುಳಲು ಬಕೆಟ್ ಹತ್ತಿರ ಎಳೆದುಕೊಂಡೆ. ಎದುರಿಗೆ ಒಬ್ಬರು ಕೂತು ಉಣ್ಣುತ್ತಿದ್ದಾರೆ. ತುತ್ತು ಬಾಯಲ್ಲಿಟ್ಟುಕೊಂಡು ಅವರ ಮುಂದೆ ಉಗುಳುವುದು ನನ್ನಿಂದ ಆಗಲಿಲ್ಲ. ನುಂಗಿಬಿಟ್ಟೆ. ಗಂಟಲಲ್ಲಿ ಸ್ವಲ್ಪ ಬಿಸಿಯಾಯಿತು, ಅಷ್ಟೇ.

ಹಾಗೇ ಒಂದೊಂದನ್ನೂ ಮತ್ತೆ ನೋಡಿದೆ, ಸಣ್ಣ ಸಣ್ಣ ಗುಟುಕಿನಲ್ಲಿ. ಬಹಳಷ್ಟು ತಪ್ಪುಗಳು ಸರಿಯಾದವು. ಎರಡು ಮಾತ್ರ ಊಟದ ಜೊತೆಗೂ ಹಾಳಾಗಿಯೇ ಇದ್ದವು, ಬೇಯಿಸಿದ ಹಣ್ಣಿನ ಸಪ್ಪೆ ವಾಸನೆ. ಎಲ್ಲಿ ಇಟ್ಟಿದ್ದಿರಿ ಅಂತ ಕೇಳಿದೆ. ಒಲೆಯ ಹಿಂದಿನ ಗೋಡೆಗೆ ತಾಗಿದ್ದ ಕಪಾಟು. ಅವರೇ ಹೋಗಿ ಗೋಡೆಗೆ ಕೈಯಿಟ್ಟು ನೋಡಿ, ತಲೆ ಚಚ್ಚಿಕೊಂಡು ಬಂದು, ಹಾಕು ತಪ್ಪು ಅಂದರು.

ಉಳಿದದ್ದು ಕೊನೆಯ ಎರಡು, ಆ ಕಪ್ಪನೆಯವು. ಬ್ರೆಡ್ಡಿಗೂ ಬಗ್ಗಲಿಲ್ಲ, ಚೀಸಿಗೂ ಪೂರ್ತಿ ಬಗ್ಗಲಿಲ್ಲ. ಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆಯವೂ ಅವೇ, ಅತಿ ಹೆಚ್ಚು ವಾಪಸ್ ಬಂದವೂ ಅವೇ. ನಾನು ಅವರ ಮುಖ ನೋಡಿದೆ.

"ಅವು ಮಟನ್‌ಗೆ" ಅಂದರು. ಬೆಳಗ್ಗೆಯಿಂದ ಒಳಗೆ ಸಣ್ಣ ಉರಿಯಲ್ಲಿ ಬೇಯುತ್ತಿದ್ದದ್ದು ಅದೇ. ರಜದ ದಿನ ಯಾರಿಗಾಗಿ ಇಟ್ಟಿದ್ದಿರಿ ಅಂತ ನಾನು ಕೇಳಲಿಲ್ಲ. ಅವರೂ ತರಲೇ ಅಂತ ಕೇಳಲಿಲ್ಲ.

ನನಗೆ ದೇವರ ಭಯ ಆಗಲಿಲ್ಲ. ನಿಮ್ಮ ತಾತ ನಗುತ್ತಾರೆ ಅನ್ನುವ ಭಯವೂ ಇರಲಿಲ್ಲ. ಈ ಒಪ್ಪೊತ್ತಿನ ನೇಮ ಬಿಟ್ಟರೆ ಮುಂದಿನ ಸೋಮವಾರ ಮನೆಯಲ್ಲಿ ನಾನೊಬ್ಬಳೇ ಆಗುತ್ತೇನೇನೋ ಅನ್ನುವುದೇ ಭಯ. ಅಷ್ಟು ಹೊತ್ತಿಗೆ ಕೈ ತಾನಾಗಿ ತಟ್ಟೆಯನ್ನು ಮುಂದಕ್ಕೆ ತಳ್ಳಿತ್ತು.

"ಸ್ವಲ್ಪ ಹಾಕಿ" ಅಂದೆ.

ಮೂಳೆ ಬಿಟ್ಟು ಬರುವಷ್ಟು ಬೆಂದಿತ್ತು. ನಮ್ಮ ಮಸಾಲೆ ಏನೂ ಇಲ್ಲ, ಉಪ್ಪು, ಬೆಳ್ಳುಳ್ಳಿ, ಯಾವುದೋ ಸೊಪ್ಪು. ಕೊಬ್ಬು ನಾಲಗೆಗೆ ಮೆತ್ತಿಕೊಂಡಿತು. ಅದರ ಮೇಲೆ ಆ ಕಪ್ಪು ವೈನು. ಬೆಳಗ್ಗೆ ಬಾಯಿ ಸುಲಿದ ಒಗರು ಈಗ ಆ ಕೊಬ್ಬನ್ನು ಹಿಡಿದು ತೊಳೆಯಿತು, ಕೊಬ್ಬು ಆ ಒಗರನ್ನು ಮೆತ್ತಗೆ ಮಾಡಿತು. ಎರಡೂ ಹೋದ ಮೇಲೆ ಬಾಯಲ್ಲಿ ಒಣಗಿದ ಗುಲಾಬಿಯ ಹಾಗೆ ಏನೋ ಒಂದು ತುಂಬ ಹೊತ್ತು ನಿಂತಿತು. ಎರಡಕ್ಕೂ ಸರಿ ಹಾಕಿದೆ. ಆಮೇಲೆ, ನ್ಯಾಯ ನ್ಯಾಯವೇ ಅಂತ, ನಾನು ತಂದಿದ್ದ ನಮ್ಮ ಕಾರ್ಖಾನೆಯ ಕೆಂಪನ್ನೂ ಅದೇ ಮಟನ್ ಜೊತೆ ನೋಡಿದೆ. ಪಾನಕ ಕುಡಿದ ಹಾಗಿತ್ತು. ಅದನ್ನೂ ಹಾಗೆಯೇ ಬರೆದೆ.

ಹಾಗಾದರೆ ಗಿರಾಕಿಗಳು ಊಟದ ಹೋಟೆಲಿಗೆ ಬಂದು ಯಾಕೆ ವಾಪಸ್ ಕಳಿಸುತ್ತಾರೆ ಅಂತ ಯೋಚನೆ ಬಂತು. ಅವರು ಬಾಟ್ಲು ಯಾವಾಗ ಕೇಳುತ್ತಾರೆ ಅಂದೆ. ಕೂತ ತಕ್ಷಣ ಅಂದರು ಅಡುಗೆಯವರು. ಮೊದಲು ಬಾಟ್ಲು, ಜೊತೆಗೆ ಖಾರದ ಕಡ್ಲೆಬೀಜ. ಗಂಟೆಗಟ್ಟಲೆ ಮಾತು. ಅದೆಲ್ಲ ಮುಗಿದ ಮೇಲೆ, ಕೊನೆಗೆ ಊಟ. ನಮ್ಮ ಕಡೆ ಗಂಡಸರು ಕುಡಿಯುವ ಕ್ರಮವೇ ಹಾಗೆ. ಕುಡಿಯುವುದು ಒಂದು, ಊಟ ಇನ್ನೊಂದು. ಗಿರಾಕಿಗಳೂ ನನ್ನ ಹಾಗೇ ಒಪ್ಪೊತ್ತಿನ ಬಾಯಿಗೆ ಈ ವೈನನ್ನು ಹಾಕಿಕೊಳ್ಳುತ್ತಿದ್ದರು.

ಹಾಳೆಯ ಕೆಳಗೆ ಇಷ್ಟು ಬರೆದೆ: ಈ ಕೆಂಪು ವೈನುಗಳನ್ನು ಊಟ ಮೇಜಿಗೆ ಬರುವ ಮುಂಚೆ ತೆಗೆಯಬಾರದು. ಕಡ್ಲೆಬೀಜದ ಜೊತೆ ಕೊಡಬಾರದು.

ಇಳಿಹೊತ್ತಿಗೆ ಯಜಮಾನ ಬಂದ. ಹಾಳೆ ಓದುತ್ತಾ ಓದುತ್ತಾ ಹುಬ್ಬು ಗಂಟಾಯಿತು.

"ಏನಮ್ಮ, ಮಧ್ಯಾಹ್ನ ತಪ್ಪು ಇದ್ದದ್ದು ಸಾಯಂಕಾಲಕ್ಕೆ ಸರೀನಾ? ಈ ಮುದುಕ ಮಂಕುಬೂದಿ ಎರಚಿದ್ನಾ?"

ಅವನಿಗೆ ಹೇಳಬೇಕಾದ ಮಾತೆಲ್ಲ ತಲೆಯಲ್ಲಿತ್ತು, ಒಂದೂ ಬಾಯಿಗೆ ಬರಲಿಲ್ಲ. ಅಡುಗೆಯವರು ಏನೋ ಹೇಳಲು ಹೊರಟರು, ಯಜಮಾನ ಕೈ ತೋರಿಸಿ ತಡೆದ. ನಾನು ಕುರ್ಚಿ ಎಳೆದೆ.

"ಕೂತ್ಕೊಳಪ್ಪಾ" ಅಂದೆ. ನನ್ನ ಮಗನಿಗೆ ಹೇಳಿದ ಹಾಗೆ ಬಂದುಬಿಟ್ಟಿತು.

ಅವನು ಕೂತ. ಆ ಕಪ್ಪು ವೈನನ್ನು ಗ್ಲಾಸಿಗೆ ಹಾಕಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿ, ಇದೇ ಅಲ್ವಾ ನಾನು ಹೇಳ್ತಾ ಇರೋದು ಅಂದ. ಮಟನ್ ತಟ್ಟೆ ಅವನ ಮುಂದಿಟ್ಟೆ. ಒಂದು ತುಂಡು ತಿಂದ. ಕುಡಿ ಅಂತ ಸನ್ನೆ ಮಾಡಿದೆ. ಕುಡಿದ. ಇನ್ನೊಂದು ತುಂಡು ತೆಗೆದುಕೊಂಡ, ಮತ್ತೆ ಕುಡಿದ. ಆಮೇಲೆ ತಾನೇ ಬಾಟ್ಲಿಗೆ ಕೈ ಹಾಕಿದ.

ತಟ್ಟೆ ಅರ್ಧ ಆದ ಮೇಲೆ ಅಡುಗೆಯವರ ಕಡೆ ತಿರುಗಿದ. "ಅಲ್ಲಯ್ಯಾ, ನಮ್ಮಪ್ಪನ ಕಾಲದಿಂದ ಇದೀಯ. ಇದನ್ನ ಊಟದ ಜೊತೆಗೇ ಕೊಡ್ಬೇಕು ಅಂತ ಒಂದು ದಿನ ಹೇಳಕ್ಕೆ ಏನಾಗಿತ್ತು ನಿಂಗೆ?"

"ಊಟದ ಹೋಟ್ಲಿಗೆ ಬಂದೋರು ಊಟ ಮಾಡ್ತಾರೆ ಅಂದ್ಕೊಂಡಿದ್ದೆ" ಅಂದರು ಅಡುಗೆಯವರು.

ಯಜಮಾನನಿಗೆ ನಗು ಬಂತು, ತಡೆದುಕೊಂಡ. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಪಟ್ಟಿ ಹಂಗೇ ಇರ್ಲಿ. ಅಮ್ಮ ಬೇಡ ಅಂದಿದ್ದು ಮಾತ್ರ ತೆಗೀತೀನಿ. ನಾಳೆಯಿಂದ ಮೊದ್ಲು ತಟ್ಟೆ, ಆಮೇಲೆ ಬಾಟ್ಲು. ಆದ್ರೂ ವಾಪಸ್ ಬಂದ್ರೆ ಆಗ ನೋಡೋಣ" ಅಂದ.

ಅಡುಗೆಯವರು ನಮ್ಮ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಹೇಳಿ ಹೋಗೋಣ ಅಂತ ಚೀಲ ಹಿಡಿದು ಕಾದೆ. ಇರುವ ನಾಲ್ಕು ತಟ್ಟೆಗೆ ಅಷ್ಟು ಹೊತ್ತು ಬೇಕಿರಲಿಲ್ಲ, ನೀರು ಮಾತ್ರ ಸುರಿಯುತ್ತಲೇ ಇತ್ತು. ಒಳಗೆ ಹೋಗಿ ನೋಡುವುದು ಸರಿಯಲ್ಲ ಅನ್ನಿಸಿತು. ಹಾಗೇ ಬಂದುಬಿಟ್ಟೆ.

ಪಟ್ಟಿ ಉಳಿಯಿತು. ಒಂದೆರಡು ತಿಂಗಳಾದ ಮೇಲೆ, ಬಾಟ್ಲುಗಳು ಈಗ ಖಾಲಿಯಾಗಿ ವಾಪಸ್ ಬರುತ್ತಿವೆಯಂತೆ ಅಂತ ಮೇಡಂ ಹೇಳಿದರು. ಅಡುಗೆಯವರೂ ಅಲ್ಲೇ ಉಳಿದರು. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ನನ್ನಂಥವಳು ಒಬ್ಬಳೇ ಹೋಗಿ ಕೂರುವ ಜಾಗ ಅದಲ್ಲ.

ಆವತ್ತು ಮನೆಗೆ ಬಂದು ದೀಪ ಹಾಕುವಷ್ಟರಲ್ಲಿ ನಿಮ್ಮಮ್ಮ ಫೋನ್ ಮಾಡಿದಳು. ಸೋಮವಾರ ಅವಳು ತಪ್ಪದೆ ಮಾಡುತ್ತಾಳೆ, ನಾನು ಉಂಡೆನೋ ಇಲ್ಲವೋ ಅಂತ.

"ಒಪ್ಪೊತ್ತು ಆಯ್ತೇನಮ್ಮ?"

ಆಯ್ತು ಅಂದೆ.

"ಒಬ್ಬಳೇ ಅಂತ ಏನೂ ಮಾಡ್ಕೊಳ್ದೆ ಹಂಗೇ ಮಲಗ್ಬೇಡ. ಏನು ಮಾಡ್ಕೊಂಡಿದ್ದೆ?"

ಇವತ್ತು ಒಬ್ಬಳೇ ಉಣ್ಣಲಿಲ್ಲ ಕಣೇ ಅನ್ನುವ ಮಾತು ತುಟಿಯ ತನಕ ಬಂತು. ಅದನ್ನು ಹೇಳಿದರೆ ಎಲ್ಲಿ, ಯಾರ ಜೊತೆ, ಏನು ಅಂತ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

"ಮುದ್ದೆ, ಉಪ್ಸಾರು" ಅಂದೆ.

ಒಳ್ಳೇದಾಯ್ತು ಅಂತ ಅವಳು ಫೋನ್ ಇಟ್ಟಳು. ಬಾಯಲ್ಲಿ ಆ ಒಗರು ಇನ್ನೂ ತೆಳ್ಳಗೆ ಉಳಿದಿತ್ತು. ಹೋಗುವುದಾದರೆ ತಾನಾಗಿ ಹೋಗಲಿ ಅಂತ ನೀರು ಕುಡಿಯದೆ ಮಲಗಿದೆ.